ಗಾಳಿಗುಳ್ಳೆಗೆ ಆರು ಗಂಟೆ: ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಆರೋಗ್ಯಾಡಳಿತಕ್ಕೆ ಬಹಿರಂಗ ಪತ್ರ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಜಿಲ್ಲಾಧಿಕಾರಿಗಳು, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಎರಡೂ ಜಿಲ್ಲೆಗಳ ವೈದ್ಯಕೀಯ ವಿಜ್ಞಾನ ಸಂಸ್ಥೆಗಳ ನಿರ್ದೇಶಕರು ಹಾಗೂ ಆಪರೇಷನ್ ಥಿಯೇಟರ್ ಇರುವ ಎಲ್ಲ ಸರ್ಕಾರಿ, ಖಾಸಗಿ ಆಸ್ಪತ್ರೆಗಳ ಮುಖ್ಯಸ್ಥರಿಗೆ,

ಮಾನ್ಯರೇ,

ಆಪರೇಷನ್ ಚೆನ್ನಾಗಿಯೇ ಮುಗಿದಿರುತ್ತದೆ. ಅರಿವಳಿಕೆ ನಿಲ್ಲಿಸಿ ಅರ್ಧ ಗಂಟೆಯಾದರೂ ರೋಗಿ ಕಣ್ಣು ಬಿಡುವುದಿಲ್ಲ. ಕಣ್ಣು ಬಿಟ್ಟರೂ ಒಂದು ಕೈ ಮೇಲೇಳುವುದಿಲ್ಲ. ಇಲ್ಲವೇ ಕತ್ತಿನ ದೊಡ್ಡ ಅಭಿಧಮನಿಗೆ ಹಾಕಿದ್ದ ಕೊಳವೆ, ಅಂದರೆ ಸೆಂಟ್ರಲ್ ಲೈನ್, ತೆಗೆದ ಎರಡೇ ನಿಮಿಷಕ್ಕೆ, ಮಂಚದ ಮೇಲೆ ಕುಳಿತಿದ್ದವರಿಗೆ ಫಿಟ್ಸ್ ಬರುತ್ತದೆ. ಆಗ ವಾರ್ಡಿನಲ್ಲಿ ಮೊದಲು ಹೊರಡುವ ಮಾತು 'ಸ್ಟ್ರೋಕ್ ಇರಬೇಕು' ಎಂಬುದು. ಆಮೇಲೆ ಸಕ್ಕರೆ, ಸೋಡಿಯಂ, ಔಷಧದ ಮಂಪರು ಎಲ್ಲವನ್ನೂ ಒಂದೊಂದಾಗಿ ನೋಡುತ್ತಾರೆ. ಮಿದುಳಿನ ರಕ್ತನಾಳಕ್ಕೆ ಗಾಳಿ ಹೊಕ್ಕಿರಬಹುದು ಎಂಬ ಅನುಮಾನ ಬರುವುದು ಎಲ್ಲಕ್ಕಿಂತ ಕೊನೆಗೆ. ಎಷ್ಟೋ ಸಲ ಅದು ಬರುವುದೇ ಇಲ್ಲ.

ಹೀಗೆ ರಕ್ತನಾಳ ಹೊಕ್ಕ ಗಾಳಿಗುಳ್ಳೆಗೆ ನಿರ್ದಿಷ್ಟ ಚಿಕಿತ್ಸೆ ಇದೆ. ಒತ್ತಡದ ಕೋಣೆಯಲ್ಲಿ ಶುದ್ಧ ಆಮ್ಲಜನಕ ಕೊಡುವುದು, ಅಂದರೆ ಹೈಪರ್‌ಬಾರಿಕ್ ಆಕ್ಸಿಜನ್. ಗಾಳಿ ಹೊಕ್ಕ ಆರು ಗಂಟೆಯೊಳಗೆ ಅದು ಶುರುವಾದರೆ ಫಲ ಹೆಚ್ಚು. ಹಾಸನದಿಂದ ಬೆಂಗಳೂರು ಸುಮಾರು 185 ಕಿಲೋಮೀಟರ್, ಚಿಕ್ಕಮಗಳೂರಿನಿಂದ ಸುಮಾರು 245. ದೂರವೇನೋ ಇದೆ. ಆದರೆ ನಮ್ಮಲ್ಲಿ ಆ ಆರು ಗಂಟೆ ಸೋರಿಹೋಗುವುದು ಹೆದ್ದಾರಿಯಲ್ಲಿ ಮಾತ್ರವಲ್ಲ. ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಇನ್ನೊಂದು ಕಡೆಗೆ ಎನ್ನುವ ರೆಫರಲ್ ಮೆಟ್ಟಿಲುಗಳಲ್ಲಿ, 'ಗಾಳಿ ಹೋಗಿದೆ' ಎಂದು ಬರೆಯಲು ಹಿಂಜರಿಯುವ ಪೆನ್ನಿನ ತುದಿಯಲ್ಲಿ ಅದು ಹೆಚ್ಚು ಸೋರುತ್ತದೆ. ಅರಿವಳಿಕೆ ಮತ್ತು ತುರ್ತು ಚಿಕಿತ್ಸೆಯಲ್ಲಿ ಕೆಲಸ ಮಾಡುವ ನಾವು ಈ ಪತ್ರದಲ್ಲಿ ಕೇಳುತ್ತಿರುವುದು ಆ ಎರಡು ಸೋರಿಕೆ ನಿಲ್ಲಿಸುವ ಆದೇಶವನ್ನು. ಹೊಸ ಯಂತ್ರವನ್ನಲ್ಲ.

ಗಾಳಿ ಒಳಗೆ ಹೋಗುವ ದಾರಿಯಿಂದಲೇ ಶುರು ಮಾಡೋಣ, ಏಕೆಂದರೆ ಆ ದಾರಿಗಳು ನಮ್ಮ ದಿನನಿತ್ಯದ ಕೆಲಸದಲ್ಲೇ ಇವೆ. ರಕ್ತನಾಳದಲ್ಲಿ ತೆರೆದ ಬಾಯಿ ಇರಬೇಕು, ಹೊರಗಿನ ಒತ್ತಡ ಒಳಗಿನದಕ್ಕಿಂತ ಹೆಚ್ಚಿರಬೇಕು. ಇಷ್ಟಿದ್ದರೆ ಸಾಕು. ರೋಗಿ ಕುಳಿತು ಉಸಿರು ಎಳೆದುಕೊಂಡಾಗ ಕತ್ತಿನ ಅಭಿಧಮನಿಯ ಒತ್ತಡ ಹೊರಗಿನ ಗಾಳಿಗಿಂತ ಕೆಳಗಿಳಿಯುತ್ತದೆ. 14 ಗೇಜಿನ ದಪ್ಪ ಸೂಜಿಯಷ್ಟು ತೂತು, ಬರೀ 5 ಸೆಂಟಿಮೀಟರ್ ನೀರಿನಷ್ಟು ಒತ್ತಡದ ವ್ಯತ್ಯಾಸ ಇದ್ದರೆ ಸೆಕೆಂಡಿಗೆ ಸುಮಾರು 100 ಮಿ.ಲೀ. ಗಾಳಿ ಒಳನುಗ್ಗಬಲ್ಲದು. ವಯಸ್ಕರಿಗೆ ಅಭಿಧಮನಿಯ ಮೂಲಕ 200ರಿಂದ 300 ಮಿ.ಲೀ. ಗಾಳಿ ಒಮ್ಮೆಗೇ ಹೋದರೆ ಪ್ರಾಣಕ್ಕೆ ಅಪಾಯ. ಅಂದರೆ ಎರಡು ಮೂರು ಸೆಕೆಂಡಿನ ಅಜಾಗರೂಕತೆ.

ಇದು ಹೃದಯದ ಬಲಭಾಗಕ್ಕೆ ಹೋಗುವ ಗಾಳಿಯ ಲೆಕ್ಕ. ಮಿದುಳಿಗೆ ಇಷ್ಟೆಲ್ಲ ಬೇಡ. ಧಮನಿಗೆ ಸೇರಿದ ಗಾಳಿ ಎರಡು ಮೂರು ಮಿ.ಲೀ. ಇದ್ದರೂ ಮಿದುಳಿಗೆ ಮಾರಕವಾಗಬಹುದು. ಅಭಿಧಮನಿಯ ಗಾಳಿಯನ್ನು ಶ್ವಾಸಕೋಶ ಒಂದು ಮಟ್ಟದವರೆಗೆ ಸೋಸುತ್ತದೆ, ಆ ಮಟ್ಟ ಮೀರಿದರೆ ಗುಳ್ಳೆ ಎಡಭಾಗಕ್ಕೆ ದಾಟುತ್ತದೆ. ಅದಲ್ಲದೆ ವಯಸ್ಕರಲ್ಲಿ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಹೃದಯದ ಮೇಲ್ಕೋಣೆಗಳ ನಡುವಿನ ಹುಟ್ಟಾ ಕಿಂಡಿ ಪೂರ್ತಿ ಮುಚ್ಚಿರುವುದಿಲ್ಲ. ಅವರಲ್ಲಿ ಬಹುಪಾಲು ಜನಕ್ಕೆ ಆ ಸಂಗತಿ ಗೊತ್ತೇ ಇರುವುದಿಲ್ಲ. ಬಲಭಾಗದ ಒತ್ತಡ ಏರಿದ ಕ್ಷಣ ಆ ಕಿಂಡಿ ತೆರೆದುಕೊಂಡು ಗುಳ್ಳೆ ಸೀದಾ ಮಿದುಳಿನ ಕಡೆ ಹೊರಡುತ್ತದೆ.

ನಮ್ಮ ಆಸ್ಪತ್ರೆಗಳಲ್ಲಿ ಬೇರೂರಿರುವ ಒಂದು ಅಭ್ಯಾಸದ ಬಗ್ಗೆ ಬಿಚ್ಚಿ ಹೇಳಲೇಬೇಕು. ಡ್ರಿಪ್‌ಗೆ ಬಳಸುವುದು ಅರೆಗಟ್ಟಿ ಪ್ಲಾಸ್ಟಿಕ್ ಬಾಟಲಿ. ಅದು ಚೀಲದಂತೆ ಪೂರ್ತಿ ಕುಗ್ಗುವುದಿಲ್ಲ, ಹಾಗಾಗಿ ಮೇಲೊಂದು ಸೂಜಿ ಚುಚ್ಚಿ ಗಾಳಿಗೆ ದಾರಿ ಮಾಡುತ್ತಾರೆ. ಅಲ್ಲಿಯವರೆಗೆ ಸರಿ. ರಕ್ತದೊತ್ತಡ ಬಿದ್ದು ಸಲೈನ್ ಬೇಗ ಹೋಗಬೇಕಾದಾಗ ಅದೇ ಸೂಜಿಯಿಂದ ಸಿರಿಂಜಿನಲ್ಲಿ ಗಾಳಿ ತುಂಬಿ ಬಾಟಲಿಯನ್ನು ಉಬ್ಬಿಸುವವರಿದ್ದಾರೆ. ಬಾಟಲಿಯಲ್ಲಿ ನೀರಿರುವವರೆಗೆ ಅದು ಕೆಲಸ ಮಾಡುತ್ತದೆ. ನೀರು ಮುಗಿದ ಗಳಿಗೆ, ಒತ್ತಡದಲ್ಲಿರುವ ಗಾಳಿಯೆಲ್ಲ ಅದೇ ಕೊಳವೆಯಲ್ಲಿ ರೋಗಿಯ ಮೈಗೆ ಇಳಿಯುತ್ತದೆ. ಥಿಯೇಟರಿನಲ್ಲಿ ರಕ್ತಸ್ರಾವದ ಗಡಿಬಿಡಿಯಲ್ಲಿ ಬಾಟಲಿ ಮುಗಿದದ್ದನ್ನು ನೋಡುವವರು ಯಾರು? ಬೇಗ ದ್ರವ ಕೊಡಬೇಕಾದರೆ ಗಾಳಿಯನ್ನೆಲ್ಲ ಹಿಂಡಿ ತೆಗೆದ ಮೆತ್ತನೆಯ ಚೀಲ, ಅದನ್ನು ಸುತ್ತಲಿಂದ ಹಿಂಡುವ ಪ್ರೆಶರ್ ಬ್ಯಾಗ್, ಜೊತೆಗೆ ರಕ್ತನಾಳಕ್ಕೆ ಹಾಕುವ ದಪ್ಪ ಕೊಳವೆ, ಅಂದರೆ ಕ್ಯಾನುಲಾ ಬೇಕು. ಈ ಒಂದು ಅಭ್ಯಾಸವನ್ನು ಲಿಖಿತ ಸುತ್ತೋಲೆಯಲ್ಲಿ ನಿಷೇಧಿಸಲು ನಯಾಪೈಸೆ ಖರ್ಚಿಲ್ಲ.

ಸೆಂಟ್ರಲ್ ಲೈನ್ ಮತ್ತು ಡಯಾಲಿಸಿಸ್ ಕ್ಯಾತಿಟರ್ ಎರಡನೇ ದೊಡ್ಡ ಬಾಗಿಲು. ಹಾಕುವಾಗ ಎಲ್ಲರೂ ಎಚ್ಚರದಿಂದಿರುತ್ತಾರೆ, ತೆಗೆಯುವಾಗ ಅದು ಹೊಲಿಗೆ ಬಿಚ್ಚುವಷ್ಟೇ ಸಸಾರವಾಗಿಬಿಡುತ್ತದೆ. ತೆಗೆಯುವ ಕ್ರಮ ಹೀಗೆ: ರೋಗಿ ಅಂಗಾತ ಮಲಗಿರಬೇಕು, ತಲೆಯ ಕಡೆ 10ರಿಂದ 15 ಡಿಗ್ರಿ ತಗ್ಗಿರಬೇಕು. ಉಸಿರು ಹೊರಬಿಡುತ್ತಿರುವಾಗ, ಆಗುವವರಿಗೆ ಮುಕ್ಕಿರಿದು ಹಿಡಿಯಲು ಹೇಳಿ, ಆಗ ಎಳೆಯಬೇಕು. ಕನಿಷ್ಠ ಐದು ನಿಮಿಷ ಒತ್ತಿ ಹಿಡಿಯಬೇಕು. ಬರೀ ಒಣ ಗಾಜ್ ಬಟ್ಟೆ ಅಂಟಿಸಿದರೆ ಸಾಲದು. ಹತ್ತಾರು ದಿನ ಇದ್ದ ಕ್ಯಾತಿಟರ್ ಚರ್ಮದಿಂದ ನಾಳದವರೆಗೆ ಸುರಂಗವನ್ನೇ ಮಾಡಿರುತ್ತದೆ. ಮುಲಾಮು ಹಚ್ಚಿದ ಗಾಜ್ ಬಟ್ಟೆ ಇಟ್ಟು, ಮೇಲೆ ಗಾಳಿಯಾಡದ ಪಾರದರ್ಶಕ ಪಟ್ಟಿ ಹಾಕಿ ಕನಿಷ್ಠ 24 ಗಂಟೆ ಬಿಡಬೇಕು. ಅರ್ಧ ಗಂಟೆ ರೋಗಿ ಏಳಬಾರದು. 'ಮಧ್ಯಾಹ್ನ ಡಿಸ್ಚಾರ್ಜ್ ಇದೆ' ಎಂದು ಕುರ್ಚಿಯಲ್ಲಿ ಕೂರಿಸಿಯೇ ಲೈನ್ ಎಳೆಯುವುದು ಎಂಥ ಅಪಾಯ ಎನ್ನುವುದು ಮೇಲಿನ 100 ಮಿ.ಲೀ. ಲೆಕ್ಕದಿಂದಲೇ ಗೊತ್ತಾಗುತ್ತದೆ.

ಮೂರನೆಯದು ಹೈಡ್ರೋಜನ್ ಪೆರಾಕ್ಸೈಡ್. ಗಾಯ ತೊಳೆದಾಗ ಬುಸುಬುಸು ನೊರೆ ಬಂದರೆ ಎಲ್ಲರಿಗೂ ಸಮಾಧಾನ. ಆದರೆ 3 ಪ್ರತಿಶತ ದ್ರಾವಣದ ಒಂದೊಂದು ಮಿ.ಲೀ. ಕೂಡ ಸುಮಾರು 10 ಮಿ.ಲೀ. ಆಮ್ಲಜನಕ ಬಿಡುತ್ತದೆ. ಮೇಲ್ಮೈ ಗಾಯದಲ್ಲಿ ಆ ಅನಿಲ ಹಾರಿಹೋಗುತ್ತದೆ. ಆಳವಾದ ಕುಳಿಗೆ, ಮೂಳೆಯ ಪೊಳ್ಳಿಗೆ, ಬಾಯಿ ಕಿರಿದಾದ ಕೀವಿನ ಚೀಲಕ್ಕೆ ಸಿರಿಂಜಿನಿಂದ ಒತ್ತಿ ಬಿಟ್ಟರೆ ಅದು ರಕ್ತನಾಳದ ಹಾದಿ ಹಿಡಿಯುತ್ತದೆ. ಮುಚ್ಚಿದ ಕುಳಿಗೆ ಪೆರಾಕ್ಸೈಡ್ ಕೂಡದು, ಸಲೈನ್ ಸಾಕು.

ಉಳಿದವು ಎಲ್ಲರಿಗೂ ಗೊತ್ತಿರುವುವೇ. ಕುಳಿತ ಭಂಗಿಯ ಮಿದುಳು ಶಸ್ತ್ರಚಿಕಿತ್ಸೆ, ಸಿ.ಟಿ. ನೋಡುತ್ತಾ ಶ್ವಾಸಕೋಶದಿಂದ ತುಣುಕು ತೆಗೆಯುವುದು, ಗರ್ಭಕೋಶದೊಳಗೆ ನೋಡುವ ಹಿಸ್ಟರೋಸ್ಕೋಪಿ, ಬಾಯಿಯಿಂದ ದುರ್ಬೀನು ಇಳಿಸಿ ಪಿತ್ತನಾಳ ನೋಡುವ ಇಆರ್‌ಸಿಪಿ, ಸಿಸೇರಿಯನ್‌ನಲ್ಲಿ ಗರ್ಭಕೋಶವನ್ನು ಹೊಟ್ಟೆಯ ಹೊರಗೆತ್ತಿ ಹೊಲಿಯುವ ಹೊತ್ತು. ಹೊಟ್ಟೆಗೆ ಅನಿಲ ತುಂಬಿ ಸಣ್ಣ ತೂತಿನಿಂದ ಮಾಡುವ ಲ್ಯಾಪರೋಸ್ಕೋಪಿಯಲ್ಲಿ ಬಳಸುವ ಕಾರ್ಬನ್ ಡೈಆಕ್ಸೈಡ್ ರಕ್ತದಲ್ಲಿ ಬೇಗ ಕರಗುತ್ತದೆ, ಹಾಗಾಗಿ ಅಲ್ಲಿ ಅಪಾಯ ಕಡಿಮೆ. ಶೂನ್ಯವಂತೂ ಅಲ್ಲ.

ಗಾಳಿ ಹೊಕ್ಕಾಗ ಥಿಯೇಟರಿನಲ್ಲಿ ಮೊದಲು ಸುಳಿವು ಕೊಡುವುದು ಸಾಮಾನ್ಯವಾಗಿ ಕ್ಯಾಪ್ನೋಗ್ರಾಫ್. ಹೊರಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಇದ್ದಕ್ಕಿದ್ದಂತೆ ಕುಸಿಯುತ್ತದೆ, ಆಮೇಲೆ ರಕ್ತದೊತ್ತಡ, ಆಮೇಲೆ ಆಮ್ಲಜನಕದ ಅಂಕಿ. ಸ್ಟೆತಸ್ಕೋಪಿನಲ್ಲಿ ಗಿರಣಿ ಚಕ್ರ ನೀರು ಬಡಿದಂತೆ ಕೇಳುವ ಸದ್ದಿನ ಬಗ್ಗೆ ಪಠ್ಯಪುಸ್ತಕಗಳೆಲ್ಲ ಬರೆಯುತ್ತವೆ. ಅದು ಕೇಳಿಸುವಷ್ಟರಲ್ಲಿ ತಡವಾಗಿರುತ್ತದೆ. ಕ್ಯಾಪ್ನೋಗ್ರಾಫ್ ಇಲ್ಲದ ಥಿಯೇಟರಿನಲ್ಲಿ ಪೂರ್ತಿ ಪ್ರಜ್ಞೆ ತಪ್ಪಿಸುವ ಅರಿವಳಿಕೆ ಕೊಡುವುದನ್ನು ನಾವು ಒಪ್ಪುವುದಿಲ್ಲ. ಅದು ಬೇರೆಯೇ ಪತ್ರದ ವಿಷಯ, ಇಲ್ಲಿಗೆ ಬಿಡೋಣ.

ಮೊದಲ ಹತ್ತು ನಿಮಿಷದ ಕೆಲಸ ಹೀಗೆ. ಗಾಳಿಯ ಬಾಯಿ ಮುಚ್ಚಬೇಕು: ಆಪರೇಷನ್ ಜಾಗವನ್ನು ಸಲೈನ್‌ನಿಂದ ಮುಳುಗಿಸಿ, ಹೊಟ್ಟೆಗೆ ಅನಿಲ ತುಂಬುತ್ತಿದ್ದರೆ ನಿಲ್ಲಿಸಿ ಬಿಟ್ಟುಬಿಡಿ. ಅರಿವಳಿಕೆಯ ಅನಿಲವಾದ ನೈಟ್ರಸ್ ಆಕ್ಸೈಡ್ ಹರಿಯುತ್ತಿದ್ದರೆ ಆ ಕ್ಷಣವೇ ಆಫ್. ರಕ್ತದಲ್ಲಿ ನೈಟ್ರಸ್ ಕರಗುವುದು ಸಾರಜನಕಕ್ಕಿಂತ ಮೂವತ್ತು ಪಟ್ಟಿಗೂ ಹೆಚ್ಚು. ಸಾರಜನಕ ಗುಳ್ಳೆಯಿಂದ ಹೊರಬರುವುದಕ್ಕಿಂತ ಎಷ್ಟೋ ವೇಗವಾಗಿ ನೈಟ್ರಸ್ ಒಳಹೊಕ್ಕು ಗುಳ್ಳೆಯನ್ನು ಊದಿಸುತ್ತದೆ. 100 ಪ್ರತಿಶತ ಆಮ್ಲಜನಕ ಕೊಡಿ. ಸೆಂಟ್ರಲ್ ಲೈನ್ ಇದ್ದರೆ ಅದರಿಂದ ಗಾಳಿ ಎಳೆದು ನೋಡಿ, ಆದರೆ ಎಳೆಯಲೆಂದೇ ಹೊಸ ಲೈನ್ ಹಾಕುತ್ತಾ ಹೊತ್ತು ಕಳೆಯಬೇಡಿ. ರಕ್ತದೊತ್ತಡ ಎತ್ತಿ ಹಿಡಿಯಿರಿ, ಫಿಟ್ಸ್ ಬಂದರೆ ಲೊರಾಜೆಪಾಮ್ ಅಥವಾ ಮಿಡಜೋಲಾಮ್ ಕೊಡಿ.

ಭಂಗಿಯ ವಿಷಯದಲ್ಲಿ ಹಳೆಯ ಪಾಠ ತಿದ್ದಿಕೊಳ್ಳಬೇಕಿದೆ. ಎಡಮಗ್ಗುಲಾಗಿ, ತಲೆ ತಗ್ಗಿಸಿ ಮಲಗಿಸುವ ಡ್ಯುರಾಂಟ್ ಭಂಗಿ 1947ರಷ್ಟು ಹಳೆಯದು. ಹೃದಯದ ಬಲಭಾಗದಲ್ಲಿ ಗಾಳಿ ಕಟ್ಟಿಕೊಂಡು ರಕ್ತ ಮುಂದೆ ಹೋಗದಿದ್ದಾಗ ಅದಕ್ಕೆ ಇಂದಿಗೂ ಅರ್ಥವಿದೆ. ಮಿದುಳಿಗೆ ಗುಳ್ಳೆ ಆಗಲೇ ಸೇರಿದ್ದರೆ ತಲೆ ತಗ್ಗಿಸಬಾರದು. ಧಮನಿಯಲ್ಲಿ ರಕ್ತದ ರಭಸದ ಮುಂದೆ ಗುಳ್ಳೆಯ ತೇಲುವ ಗುಣ ಲೆಕ್ಕಕ್ಕಿಲ್ಲ. ತಲೆ ತಗ್ಗಿಸಿದಷ್ಟೂ ಮಿದುಳಿನ ಊತ ಮಾತ್ರ ಹೆಚ್ಚುತ್ತದೆ. ಸಮತಟ್ಟಾಗಿ ಅಂಗಾತ ಮಲಗಿಸಿ.

ಸಿ.ಟಿ. ಮಾಡಿಸಿ, ರಕ್ತಸ್ರಾವ ಇಲ್ಲವೆಂದು ತಿಳಿಯಲು ಅದು ಬೇಕು. ಆದರೆ ಸಿ.ಟಿ.ಯಲ್ಲಿ ಗಾಳಿ ಕಾಣಲಿಲ್ಲವೆಂದು ಅನುಮಾನ ಬಿಡಬೇಡಿ. ಚಿಕ್ಕ ಗುಳ್ಳೆ ಕಾಣುವುದಿಲ್ಲ, ಕಾಣುವಂಥದ್ದೂ ಕೆಲವೇ ಗಂಟೆಗಳಲ್ಲಿ ಕರಗಿಹೋಗಬಹುದು. ಅದು ಮಾಡಿದ ಗಾಯ ಮಾತ್ರ ಉಳಿದಿರುತ್ತದೆ. ರೋಗ ಗುರುತಿಸಿಕೊಡುವುದು ಚಿತ್ರಕ್ಕಿಂತ ಗಡಿಯಾರ: ಗಾಳಿ ಹೋಗಬಹುದಾದ ಕೆಲಸ ನಡೆದ ಕೆಲವೇ ನಿಮಿಷಗಳಲ್ಲಿ ಮಿದುಳಿನ ಲಕ್ಷಣ ಬಂದಿದೆಯೇ? ಬಂದಿದ್ದರೆ, ಬೇರೆ ಕಾರಣ ಕಣ್ಣಿಗೆ ಹೊಡೆದಂತೆ ಕಾಣದಿದ್ದರೆ, ಗಾಳಿ ಎಂದೇ ಹಿಡಿದು ಹೊರಡಿ. ಎಂ.ಆರ್.ಐ.ಗೆ ಸರದಿ ಕಾಯುವುದು ಬೇಡ. ಸ್ಟ್ರೋಕ್ ಎಂದು ಭಾವಿಸಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರೆ ಗಾಳಿಗುಳ್ಳೆ ಕರಗುವುದಿಲ್ಲ, ಹಸಿ ಆಪರೇಷನ್ ಗಾಯದಿಂದ ರಕ್ತ ಸುರಿಯುವುದಷ್ಟೇ ಆಗುತ್ತದೆ.

ಇನ್ನು ಒತ್ತಡದ ಕೋಣೆ ಮಾಡುವ ಕೆಲಸ. ರಾಬರ್ಟ್ ಬಾಯ್ಲ್ ಹದಿನೇಳನೇ ಶತಮಾನದಲ್ಲಿ ಹೇಳಿದ ನಿಯಮವೇ ಇಲ್ಲಿನ ಅಡಿಗಲ್ಲು: ಒತ್ತಡ ಎರಡು ಪಟ್ಟಾದರೆ ಅನಿಲದ ಗಾತ್ರ ಅರ್ಧ. ಸಮುದ್ರಮಟ್ಟದ ವಾಯುಭಾರ 1 ಎಂದು ಹಿಡಿದರೆ, ಕೋಣೆಯಲ್ಲಿ 2.8 ಪಟ್ಟು ಒತ್ತಡ ಏರಿಸುತ್ತಾರೆ. ಸಮುದ್ರದಲ್ಲಿ 18 ಮೀಟರ್ ಆಳಕ್ಕೆ ಇಳಿದಂತೆ. ಗುಳ್ಳೆಯ ಗಾತ್ರ ಸುಮಾರು 36 ಪ್ರತಿಶತಕ್ಕೆ ಇಳಿಯುತ್ತದೆ. ಗುಂಡಗಿನ ಗುಳ್ಳೆಯ ಅಗಲ 71 ಪ್ರತಿಶತಕ್ಕಷ್ಟೇ ಇಳಿಯುತ್ತದೆ, 'ಇಷ್ಟೇನಾ' ಅನ್ನಿಸಬಹುದು. ಆದರೆ ನಾಳದೊಳಗೆ ಸಿಕ್ಕಿಕೊಂಡ ಗುಳ್ಳೆ ಗುಂಡಗಿರುವುದಿಲ್ಲ, ಪಡವಲಕಾಯಿಯಂತೆ ಉದ್ದಕ್ಕೆ ಮಲಗಿರುತ್ತದೆ. ಒತ್ತಡ ಬಿದ್ದಾಗ ಕುಗ್ಗುವುದು ಮುಖ್ಯವಾಗಿ ಆ ಉದ್ದ. ನಾಳದ ಗೋಡೆಗೆ ಅಂಟಿಕೊಂಡ ಭಾಗ ಕಡಿಮೆಯಾದಂತೆ ಹಿಂದಿನಿಂದ ಬರುವ ರಕ್ತ ಅದನ್ನು ಮುಂದಕ್ಕೆ ದಬ್ಬುತ್ತದೆ.

ಎರಡನೆಯ ಕೆಲಸ ಕರಗಿಸುವುದು. ಗುಳ್ಳೆಯಲ್ಲಿರುವುದು ಬಹುಪಾಲು ಸಾರಜನಕ. ರೋಗಿ ಶುದ್ಧ ಆಮ್ಲಜನಕ ಉಸಿರಾಡಿದರೆ ರಕ್ತದ ಸಾರಜನಕ ತೊಳೆದುಹೋಗಿ, ಗುಳ್ಳೆಯದು ರಕ್ತದ ಕಡೆ ಹರಿಯುತ್ತದೆ. ಮೂರನೆಯದು, ರಕ್ತ ಹೋಗದ ಮಿದುಳಿನ ಅಂಚಿಗೆ ಉಸಿರು ಮುಟ್ಟಿಸುವುದು. ಸಾಧಾರಣ ಗಾಳಿಯಲ್ಲಿ 100 ಮಿ.ಲೀ. ರಕ್ತದ ನೀರಿನಂಶದಲ್ಲಿ ಕರಗುವ ಆಮ್ಲಜನಕ ಬರೀ 0.3 ಮಿ.ಲೀ. ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು 2, ಕೋಣೆಯಲ್ಲಿ 2.8 ಪಟ್ಟು ಒತ್ತಡದಲ್ಲಿ ಸುಮಾರು 6. ಕೆಂಪು ಕಣದ ಹಂಗಿಲ್ಲದೆ ಮೈಗೆ ಬೇಕಾದಷ್ಟು. ಇದಲ್ಲದೆ, ಗುಳ್ಳೆ ಉಜ್ಜಿ ಕೆಡಿಸಿದ ನಾಳದ ಒಳಪದರಕ್ಕೆ ಬಿಳಿ ಕಣಗಳು ಅಂಟಿ ಊತ ಶುರುವಾಗುವುದನ್ನೂ ಅದು ತಗ್ಗಿಸುತ್ತದೆ. ಗುಳ್ಳೆ ಕರಗಿದ ಮೇಲೂ ಚಿಕಿತ್ಸೆಯಿಂದ ಪ್ರಯೋಜನ ಇರುವುದು ಇದರಿಂದಲೇ.

ಜಗತ್ತಿನ ಬಹಳ ಕಡೆ ಬಳಸುವುದು ಅಮೆರಿಕದ ನೌಕಾಪಡೆಯ ಚಿಕಿತ್ಸಾ ವೇಳಾಪಟ್ಟಿಗಳಲ್ಲಿ ಆರನೆಯದು (ಟೇಬಲ್ 6). 2.8 ಪಟ್ಟು ಒತ್ತಡದಲ್ಲಿ 20 ನಿಮಿಷ ಆಮ್ಲಜನಕ, 5 ನಿಮಿಷ ಸಾಧಾರಣ ಗಾಳಿ, ಹೀಗೆ ಮೂರು ಸುತ್ತು. ಆಮೇಲೆ 30 ನಿಮಿಷದಲ್ಲಿ 1.9ಕ್ಕೆ ಇಳಿಸಿ, ಅಲ್ಲಿ 15 ನಿಮಿಷ ಗಾಳಿ, 60 ನಿಮಿಷ ಆಮ್ಲಜನಕ, ಹೀಗೆ ಎರಡು ಸುತ್ತು. ಕೊನೆಯ 30 ನಿಮಿಷದಲ್ಲಿ ಸಹಜ ಒತ್ತಡಕ್ಕೆ. ಒಟ್ಟು 4 ಗಂಟೆ 45 ನಿಮಿಷ. ಸುಧಾರಣೆ ನಡುವೆ ನಿಂತರೆ ಸುತ್ತುಗಳನ್ನು ಹೆಚ್ಚಿಸುತ್ತಾರೆ. ಬಹುತೇಕರಿಗೆ ಒಂದೆರಡು ಸಲ ಸಾಕು, ಕೆಲವರಿಗೆ ಐದರಿಂದ ಹತ್ತರವರೆಗೂ ಬೇಕಾಗುತ್ತದೆ. ಮಧ್ಯೆ ಗಾಳಿ ಕೊಡುವುದು ಆಮ್ಲಜನಕದ ವಿಷ ತಲೆಗೇರಿ ಫಿಟ್ಸ್ ಬಾರದಿರಲೆಂದು. ಬಂದರೆ ಆಮ್ಲಜನಕ ನಿಲ್ಲಿಸುತ್ತಾರೆ, ಆದರೆ ಫಿಟ್ಸ್ ನಿಲ್ಲುವವರೆಗೆ ಒತ್ತಡ ಇಳಿಸುವುದಿಲ್ಲ. ಗಂಟಲು ಬಿಗಿದಿರುವಾಗ ಒತ್ತಡ ಇಳಿಸಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಒಡೆಯುತ್ತದೆ.

ಇದಕ್ಕೆ ಪುರಾವೆ ಎಷ್ಟು ಗಟ್ಟಿ ಎಂದು ಯಾರಾದರೂ ಕೇಳಿದರೆ ಉತ್ತರ ಮುಚ್ಚಿಡುವುದಿಲ್ಲ. ಚೀಟಿ ಎತ್ತಿ ಅರ್ಧ ಜನಕ್ಕೆ ಕೊಟ್ಟು ಅರ್ಧ ಜನಕ್ಕೆ ಕೊಡದೆ ಹೋಲಿಸಿದ ದೊಡ್ಡ ಪರೀಕ್ಷೆ ಇದಕ್ಕಿಲ್ಲ. ಭೌತಶಾಸ್ತ್ರ, ಪ್ರಾಣಿ ಪ್ರಯೋಗ, ರೋಗಿಗಳ ಸರಣಿ ವರದಿ, ಇದೇ ಬಗೆಯ ಗುಳ್ಳೆಯ ತೊಂದರೆಗೆ ಸಿಕ್ಕ ಮುಳುಗುಗಾರರ ಚಿಕಿತ್ಸೆಯ ದೀರ್ಘ ಅನುಭವ, ಇವೇ ಆಧಾರ. ಬೇಗ ಕೊಟ್ಟಷ್ಟು ಒಳ್ಳೆಯದು ಎನ್ನುವುದು ಆ ವರದಿಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಆರು ಗಂಟೆ ಎನ್ನುವುದು ಬಾಗಿಲು ಮುಚ್ಚುವ ವೇಳೆಯಲ್ಲ. ಒಂದು ದಿನ ಕಳೆದ ಮೇಲೆ ಚಿಕಿತ್ಸೆ ಪಡೆದು ಚೇತರಿಸಿಕೊಂಡ ರೋಗಿಗಳೂ ವರದಿಯಾಗಿದ್ದಾರೆ. 'ಹೇಗೂ ತಡವಾಯಿತು' ಎಂದು ಕೈಚೆಲ್ಲಬಾರದು.

ಈಗ ಗಡಿಯಾರ ಹಿಡಿದು ನಮ್ಮ ರಸ್ತೆಗೆ ಬರೋಣ. ಹಾಸನದಲ್ಲಿ ಬೆಳಿಗ್ಗೆ 10ಕ್ಕೆ ಗಾಳಿ ಹೋಯಿತು ಎನ್ನಿ. ಗುರುತಿಸುವುದಕ್ಕೆ 30 ನಿಮಿಷ, ಸಿ.ಟಿ. ಮತ್ತು ಎಕ್ಸ್-ರೇಗೆ 30, ಹೊರಡುವ ತಯಾರಿಗೆ 15. 11.15ಕ್ಕೆ ಹೊರಟ ಆಂಬುಲೆನ್ಸ್ ಚನ್ನರಾಯಪಟ್ಟಣ, ಕುಣಿಗಲ್ ದಾಟಿ ನೆಲಮಂಗಲ ಮುಟ್ಟುವಾಗ ಮಧ್ಯಾಹ್ನ ಎರಡು ದಾಟಿರುತ್ತದೆ. ಅಲ್ಲಿಂದ ಗೊರಗುಂಟೆಪಾಳ್ಯದ ಇಕ್ಕಟ್ಟು. ಭಾರತೀಯ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇರುವುದು ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ, ಊರಿನ ಇನ್ನೊಂದು ತುದಿ. ಅಲ್ಲಿ ಹೈಪರ್‌ಬಾರಿಕ್ ವಿಭಾಗವೇ ಇದೆ. ಎಲ್ಲ ಸರಿಯಾಗಿ ನಡೆದರೂ ಉಳಿಯುವ ಹೊತ್ತು ಅರ್ಧ ಗಂಟೆ. ಇದರಲ್ಲಿ ಒಂದು ರೆಫರಲ್ ಮೆಟ್ಟಿಲು ಸೇರಿದರೆ, ಅಂದರೆ ಸಕಲೇಶಪುರದಿಂದಲೋ ಬೇಲೂರಿನಿಂದಲೋ ಬಂದವರನ್ನು ಜಿಲ್ಲಾಸ್ಪತ್ರೆಯಲ್ಲಿ ಇಳಿಸಿ, ಮತ್ತೆ ಚೀಟಿ ಮಾಡಿಸಿ, ಮತ್ತೆ ಹತ್ತಿಸಿದರೆ, ಲೆಕ್ಕವೇ ತಪ್ಪುತ್ತದೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸ, ಶೃಂಗೇರಿಯವರಿಗೆ ಒಂದು ಮೆಟ್ಟಿಲನ್ನೂ ಕಳೆಯುವ ಸಮಯವಿಲ್ಲ.

ಘಟ್ಟ ಇಳಿದರೆ ಒತ್ತಡ ಹೆಚ್ಚಿ ಗುಳ್ಳೆ ಕುಗ್ಗುತ್ತದಲ್ಲ ಎಂಬ ಪ್ರಶ್ನೆಯನ್ನು ಕೆಲವು ಕಿರಿಯ ವೈದ್ಯರು ಎತ್ತುವುದುಂಟು. ಜಾಣ ಪ್ರಶ್ನೆ. ಸಮುದ್ರಮಟ್ಟದಿಂದ ಸುಮಾರು 970 ಮೀಟರ್ ಎತ್ತರದ ಹಾಸನದಲ್ಲಿ ವಾಯುಭಾರ ಸುಮಾರು ಹತ್ತನೇ ಒಂದು ಭಾಗ ಕಡಿಮೆ, ಮಂಗಳೂರಿಗೆ ಇಳಿದರೆ ಗುಳ್ಳೆ ಅಷ್ಟು ಕುಗ್ಗುತ್ತದೆ. ಆದರೆ 2.8 ಪಟ್ಟಿನ ಮುಂದೆ ಅದು ಕಿರಿದು, ಮಳೆಗಾಲದ ಶಿರಾಡಿ, ಚಾರ್ಮಾಡಿಯನ್ನು ನೆಚ್ಚುವಂತೆಯೂ ಇಲ್ಲ. 2024ರ ಜುಲೈಯಲ್ಲಿ ದೊಡ್ಡತಪ್ಲು ಬಳಿ ಗುಡ್ಡ ಜಾರಿ ಶಿರಾಡಿಯಲ್ಲಿ ಸಂಚಾರ ನಿಂತದ್ದು ಎಲ್ಲರಿಗೂ ನೆನಪಿದೆ. ರಸ್ತೆಯ ಆಯ್ಕೆಯನ್ನು ಒತ್ತಡ ನೋಡಿ ಮಾಡಬೇಡಿ, ಎಲ್ಲಿ ಈಗ, ಈ ಗಂಟೆಯಲ್ಲಿ, ವೆಂಟಿಲೇಟರ್ ರೋಗಿಯನ್ನು ಒಳಗೆ ತೆಗೆದುಕೊಳ್ಳುವ ಕೋಣೆ ಇದೆಯೋ ಅದನ್ನು ನೋಡಿ ಮಾಡಿ. ಆಕಾಶದ ಲೆಕ್ಕ ಬೇರೆ. ಸಾಧಾರಣ ವಿಮಾನದೊಳಗಿನ ಒತ್ತಡ ಸುಮಾರು 2,400 ಮೀಟರ್ ಎತ್ತರದ್ದು, ಅಲ್ಲಿ ಗುಳ್ಳೆ ಹಿಗ್ಗುತ್ತದೆ. ಏರ್ ಆಂಬುಲೆನ್ಸ್ ಆದರೆ ಕ್ಯಾಬಿನ್ ಒತ್ತಡವನ್ನು ಸಮುದ್ರಮಟ್ಟಕ್ಕೆ ಇಡಬೇಕು, ಹೆಲಿಕಾಪ್ಟರ್ ಆದರೆ ನೆಲದಿಂದ 300 ಮೀಟರ್ ಮೀರದೆ ಹಾರಬೇಕು.

ಆಂಬುಲೆನ್ಸಿನಲ್ಲಿ ತಪ್ಪುವುದು ಆಮ್ಲಜನಕದ ಲೆಕ್ಕ. ಬಿ ಮಾದರಿಯ ಸಿಲಿಂಡರಿನಲ್ಲಿ ಇರುವುದು ಸುಮಾರು 1,500 ಲೀಟರ್. ಚೀಲವಿರುವ ಮಾಸ್ಕಿನಲ್ಲಿ ನಿಮಿಷಕ್ಕೆ 15 ಲೀಟರ್ ಬಿಟ್ಟರೆ 100 ನಿಮಿಷಕ್ಕೆ ಖಾಲಿ, ಅಂದರೆ ಕುಣಿಗಲ್ ಸುತ್ತಮುತ್ತ. ಆಗ ಶುರುವಾಗುವುದೇ 'ಐದಕ್ಕೆ ಇಳಿಸೋಣ, ಬೆಂಗಳೂರು ಮುಟ್ಟಲಿ' ಎಂಬ ಉಪಾಯ. ಸ್ಯಾಚುರೇಷನ್ 98 ಇದೆಯಲ್ಲ ಎನ್ನುತ್ತಾರೆ. ಇಲ್ಲಿ ಆಮ್ಲಜನಕ ಕೊಡುತ್ತಿರುವುದು ಬೆರಳಿನ ಅಂಕಿಗಾಗಿ ಅಲ್ಲ, ಸಾರಜನಕ ತೊಳೆಯಲು. ಅಂಕಿ 100 ಇದ್ದರೂ ಹರಿವು ಇಳಿಸಬಾರದು. ನಾಲ್ಕು ಗಂಟೆಗೆ 3,600 ಲೀಟರ್ ಬೇಕು, ಟ್ರಾಫಿಕ್ಕಿಗೆಂದು ಇನ್ನಷ್ಟು. 7,000 ಲೀಟರಿನ ಡಿ ಮಾದರಿ ಒಂದು, ಇಲ್ಲವೇ ತುಂಬಿದ ಬಿ ಮಾದರಿ ನಾಲ್ಕು ಇಲ್ಲದೆ ಗಾಡಿ ಗೇಟು ದಾಟಬಾರದು.

ಹೊರಡುವ ಮೊದಲೇ ಮುಗಿಸಿದರೆ ಅಲ್ಲಿ ಅರ್ಧ ಗಂಟೆ ಉಳಿಯುವ ಕೆಲಸಗಳಿವೆ. ಉಸಿರಿನ ಕೊಳವೆ ಸೋರದಂತೆ ಅದರ ಸುತ್ತ ಊದಿಸುವ ಬಲೂನು, ಅಂದರೆ ಕಫ್‌ನಲ್ಲಿ ಗಾಳಿ ತೆಗೆದು ಸಲೈನ್ ತುಂಬಿ. 8 ಮಿ.ಲೀ. ಗಾಳಿ ತುಂಬಿದ ಕಫ್ ಕೋಣೆಯೊಳಗೆ 3 ಮಿ.ಲೀ.ಗೂ ಕಡಿಮೆಯಾಗಿ, ಸುತ್ತಲಿಂದ ಉಸಿರು ಸೋರುತ್ತದೆ. ಎದೆಯ ಎಕ್ಸ್-ರೇ ನೋಡಿ. ಶ್ವಾಸಕೋಶದ ಹೊರಗೆ ಸ್ವಲ್ಪ ಗಾಳಿ ಇದ್ದರೂ ಒತ್ತಡ ಇಳಿಸುವಾಗ ಅದು 2.8 ಪಟ್ಟು ಹಿಗ್ಗಿ ಹೃದಯವನ್ನೇ ಒತ್ತುತ್ತದೆ. ಅಂಥವರಿಗೆ ಎದೆಗೊಳವೆ ಇಲ್ಲೇ ಹಾಕಿ. ಪ್ರಜ್ಞೆ ಇಲ್ಲದವರು ಕಿವಿಯ ಒತ್ತಡ ಸರಿಮಾಡಿಕೊಳ್ಳಲಾರರು, ಕಿವಿತಮಟೆಗೆ ಸಣ್ಣ ರಂಧ್ರ ಮಾಡಬೇಕಾಗುತ್ತದೆ. ಇಎನ್‌ಟಿ ವೈದ್ಯರು ಕೈಗೆಟುಕಿದರೆ ಐದು ನಿಮಿಷದ ಕೆಲಸ, ಇಲ್ಲದಿದ್ದರೆ ಅದಕ್ಕಾಗಿ ನಿಲ್ಲಬೇಡಿ. ಸಕ್ಕರೆ ನೋಡಿ ಬರೆಯಿರಿ, ಕೋಣೆಯೊಳಗೆ ಅದು ಇಳಿಯುತ್ತದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ್ದರೆ ಒರೆಸಿ, ವ್ಯಾಸಲೀನ್ ತೊಳೆಯಿರಿ, ನೈಲಾನ್, ಪಾಲಿಸ್ಟರ್ ಬಟ್ಟೆ ತೆಗೆದು ಹತ್ತಿಯದು ಹಾಕಿ. ಒತ್ತಡದ ಆಮ್ಲಜನಕದಲ್ಲಿ ಕಿಡಿ ಹೊತ್ತಿದರೆ ಏನಾಗುತ್ತದೆ ಎನ್ನುವುದಕ್ಕೆ 1997ರಲ್ಲಿ ಇಟಲಿಯ ಮಿಲಾನ್‌ನ ಕೋಣೆಯ ಬೆಂಕಿ ಸಾಕ್ಷಿ. ಅಲ್ಲಿ 11 ಜನ ಸತ್ತರು.

ಇನ್ನು ಪೆನ್ನಿನ ಮಾತು. ಗಾಳಿ ಹೋಗಿದೆ ಎಂದು ಬರೆದರೆ ನಾಳೆ ವಿಚಾರಣೆ, ನಾಡಿದ್ದು ಆಸ್ಪತ್ರೆಯ ಮುಂದೆ ಗಲಾಟೆ ಎಂಬ ಹೆದರಿಕೆ ಸುಳ್ಳಲ್ಲ. ಹಾಗಾಗಿ ಚೀಟಿಯಲ್ಲಿ 'ಆಪರೇಷನ್ ನಂತರದ ಸ್ಟ್ರೋಕ್, ಹೆಚ್ಚಿನ ಚಿಕಿತ್ಸೆಗೆ' ಎಂಬ ಒಂದು ಸಾಲು ಹೋಗುತ್ತದೆ. ಬೆಂಗಳೂರಿನಲ್ಲಿ ರೋಗಿ ಸ್ಟ್ರೋಕ್ ವಾರ್ಡ್ ಸೇರುತ್ತಾನೆ, ಒತ್ತಡದ ಕೋಣೆಯ ನೆನಪು ಯಾರಿಗೂ ಬರುವುದಿಲ್ಲ. ಗಾಳಿ ಹೊಕ್ಕದ್ದು ಎಲ್ಲ ಸಲ ತಪ್ಪಿನಿಂದಲೇ ಅಲ್ಲ, ಎಚ್ಚರದಿಂದ ಮಾಡಿದ ಕೆಲಸದಲ್ಲೂ ಆಗುತ್ತದೆ. ಮುಚ್ಚಿಟ್ಟರೆ ಮಾತ್ರ ಅದು ಖಂಡಿತ ತಪ್ಪು. ಚೀಟಿಯಲ್ಲಿ ಇರಬೇಕಾದ್ದು: ಯಾವ ಕೆಲಸದ ವೇಳೆ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ, ಮೊದಲ ಲಕ್ಷಣ ಏನು, 100 ಪ್ರತಿಶತ ಆಮ್ಲಜನಕ ಯಾವಾಗಿನಿಂದ, ಕಫ್‌ನಲ್ಲಿ ಸಲೈನ್ ಇದೆಯೇ, ಎದೆ ಎಕ್ಸ್-ರೇ ಏನು ಹೇಳುತ್ತದೆ. ಮನೆಯವರಿಗೂ ಇದನ್ನೇ, ಇದೇ ಮಾತಿನಲ್ಲಿ ಹೇಳಿ. 'ಗಾಳಿ ಹೋಗಿರಬಹುದೇ, ಆಮ್ಲಜನಕ ಪೂರ್ತಿ ಕೊಡುತ್ತಿದ್ದೀರಾ, ಒತ್ತಡದ ಕೋಣೆಗೆ ಫೋನ್ ಮಾಡಿದ್ದೀರಾ' ಎಂದು ಕೇಳುವ ಹಕ್ಕು ಮನೆಯವರಿಗಿದೆ. ಅದನ್ನು ಜಗಳವೆಂದು ವೈದ್ಯರು ತಿಳಿಯಬಾರದು.

ಹಾಸನಕ್ಕೇ ಒಂದು ಚೇಂಬರ್ ತರೋಣ ಎಂಬ ಸಲಹೆ ಬರಬಹುದು. ಅವಸರ ಬೇಡ. ಸೌಂದರ್ಯ, ಆರೋಗ್ಯ ಕೇಂದ್ರಗಳಲ್ಲಿ ಕಾಣುವ ಝಿಪ್ ಹಾಕುವ ಮೆತ್ತನೆಯ ಚೀಲಗಳಲ್ಲಿ ಒತ್ತಡ 1.3 ಪಟ್ಟು ಮಾತ್ರ. ನಮ್ಮ ಎತ್ತರದಲ್ಲಿ ಅದು ಇನ್ನೂ ಕಡಿಮೆ. ಗಾಳಿಗುಳ್ಳೆಗೆ ಅದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಒಬ್ಬರೇ ಮಲಗುವ ಗಾಜಿನ ಕೊಳವೆಯಲ್ಲಿ ಒತ್ತಡವೇನೋ ಸಿಗುತ್ತದೆ, ಆದರೆ ಫಿಟ್ಸ್ ಬರುತ್ತಿರುವ ರೋಗಿಯನ್ನು ಹೊರಗಿನಿಂದ ಮುಟ್ಟಲಾಗುವುದಿಲ್ಲ. ಬೇಕಿರುವುದು ಸಿಬ್ಬಂದಿಯೂ ಒಳಗೆ ಕೂರುವ ದೊಡ್ಡ ಕೋಣೆ, ಒತ್ತಡದಲ್ಲೂ ಸರಿಯಾಗಿ ನಡೆಯುವ ವೆಂಟಿಲೇಟರ್, ರಾತ್ರಿ ಎರಡು ಗಂಟೆಗೂ ಬರುವ ತರಬೇತಾದ ತಂಡ. ಗಾಳಿಗುಳ್ಳೆ ಅಪರೂಪ. ಅದೊಂದನ್ನೇ ನೆಚ್ಚಿ ಅಂಥ ತಂಡ ಉಳಿಯುವುದಿಲ್ಲ. ಸಕ್ಕರೆ ಕಾಯಿಲೆಯ ಕಾಲು ಹುಣ್ಣು, ರೇಡಿಯೇಷನ್ ಗಾಯ, ಬಚ್ಚಲಿನ ಗ್ಯಾಸ್ ಗೀಸರ್‌ನಿಂದಾಗುವ ಕಾರ್ಬನ್ ಮೊನಾಕ್ಸೈಡ್ ವಿಷ, ಇವೆಲ್ಲ ಸೇರಿ ದಿನಾ ಕೆಲಸ ಇದ್ದರೆ ಮಾತ್ರ ಕೋಣೆ ಬದುಕುತ್ತದೆ. ಮಲೆನಾಡಿನ ನಾಲ್ಕೈದು ಜಿಲ್ಲೆಗೆ ಸೇರಿ ಒಂದು ಎಂದು ಯೋಚಿಸಬಹುದಾದ ವಿಷಯ ಅದು, ವರ್ಷಗಳ ಕೆಲಸ.

ಈ ತಿಂಗಳಲ್ಲೇ ಆಗಬಹುದಾದ್ದನ್ನು ಕೇಳುತ್ತೇವೆ. ಮಿದುಳಿನ ಗಾಳಿಗುಳ್ಳೆಯ ಅನುಮಾನ ಬಂದರೆ ಯಾವುದೇ ಆಸ್ಪತ್ರೆ, ಯಾವುದೇ ಮೆಟ್ಟಿಲು ಹತ್ತದೆ, ನೇರವಾಗಿ ಒತ್ತಡದ ಕೋಣೆ ಇರುವಲ್ಲಿಗೆ ಕಳಿಸಬಹುದು ಎಂಬ ಲಿಖಿತ ಆದೇಶ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾಗದಪತ್ರ ರೋಗಿ ಕೋಣೆ ಸೇರಿದ ಮೇಲೆ ಆಗಲಿ, ಅದಕ್ಕಾಗಿ ಗಾಡಿ ನಿಲ್ಲದಿರಲಿ. ವಾಯುಪಡೆಯ ಸಂಸ್ಥೆಯೊಂದಿಗೆ ಜಿಲ್ಲಾಡಳಿತವೇ ಮೊದಲೇ ಮಾತಾಡಿ, ನಾಗರಿಕ ರೋಗಿಯನ್ನು ಗೇಟಿನಲ್ಲಿ ನಿಲ್ಲಿಸದಂತೆ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಲಿ. ವೈದ್ಯರೊಬ್ಬರು ಮಧ್ಯರಾತ್ರಿ ಫೋನಿನಲ್ಲಿ ಗೋಗರೆದು ಮಾಡಿಸುವ ಕೆಲಸವಲ್ಲ ಅದು. ಅಂಗಾಂಗ ಸಾಗಿಸುವಾಗ ಮಾಡುವ ಝೀರೋ ಟ್ರಾಫಿಕ್ ವ್ಯವಸ್ಥೆಯನ್ನು ನೆಲಮಂಗಲದಿಂದ ಮುಂದಕ್ಕೆ ಈ ರೋಗಿಗಳಿಗೂ ಕೊಡಿಸಲಿ.

ಕೊನೆಯದಾಗಿ ಫೋನ್ ನಂಬರುಗಳ ಒಂದು ಹಾಳೆ. ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿ ಎಲ್ಲಿ ಕೋಣೆ ಇದೆ, ಅದು 2.8 ಪಟ್ಟು ಒತ್ತಡ ಏರಿಸುತ್ತದೆಯೇ, ವೆಂಟಿಲೇಟರ್ ರೋಗಿಯನ್ನು ತೆಗೆದುಕೊಳ್ಳುತ್ತದೆಯೇ, ಭಾನುವಾರ ಬಾಗಿಲು ತೆರೆಯುವವರು ಯಾರು, ಈ ನಾಲ್ಕನ್ನು ಕೇಳಿ ಬರೆದ ಹಾಳೆ ಪ್ರತಿ ಥಿಯೇಟರಿನ ಗೋಡೆಯ ಮೇಲೆ, ಅರಿವಳಿಕೆ ಯಂತ್ರದ ಪಕ್ಕ ಅಂಟಿರಬೇಕು. ಅಂಟಿಸಿ ಮರೆತರೆ ಆರು ತಿಂಗಳಿಗೆ ಅರ್ಧ ನಂಬರು ಸತ್ತಿರುತ್ತವೆ. ತಿಂಗಳ ಮೊದಲ ಸೋಮವಾರ ಜಿಲ್ಲಾ ಕಚೇರಿಯಿಂದ ಒಬ್ಬರು ಪ್ರತಿ ನಂಬರಿಗೂ ಕರೆ ಮಾಡಿ, ಎತ್ತಿದವರ ಹುದ್ದೆ ಮತ್ತು ದಿನಾಂಕವನ್ನು ಹಾಳೆಯ ಕೆಳಗೆ ಬರೆದು ಸಹಿ ಹಾಕಲಿ.

ಇಂತಿ,
ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಕೆಲವು ಅರಿವಳಿಕೆ ಮತ್ತು ತುರ್ತು ಚಿಕಿತ್ಸಾ ವೈದ್ಯರು